ಲಾಭ ಹಿಡಿದು ನಾಲ್ಕು

ಮೊನ್ನೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ನನ್ನ ಕಾರಿನ ಡಿಕ್ಕಿಯಿಂದ ಉತ್ತರ ಪತ್ರಿಕೆಗಳ ಕಟ್ಟು ಇಳಿಸಿಕೊಡಲು ಬಂದವರು, ಅಲ್ಲೇ ಮೂಲೆಯಲ್ಲಿ ನಿಂತಿದ್ದ ಒಂದು ನೀರಿನ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಒಳಗೆ ದಾಳಿಂಬೆ ರಸದಂಥ ಕಡುಗೆಂಪು. ಹೊರಗೆ ಸುಡುವ ಬಿಸಿಲು. "ಏನ್ ಟೀಚರ್ರ, ಶರಬತ್ತು ಮಾಡ್ಕೊಂಡು ಬಂದೀರೇನು?" ಎನ್ನುತ್ತಲೇ ಅವರು ಮುಚ್ಚಳಕ್ಕೆ ಕೈ ಹಾಕಿಬಿಟ್ಟರು. ನಾನು ಕೂಗಿದ ಕೂಗಿಗೆ ಎಂಟನೇ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಬಂದು ನಿಂತವು.

"ಅದು ಗೇರ್ ಬಾಕ್ಸಿನ ಎಣ್ಣಿ ರೀ ಸರ್!"

ಅವರು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಗೇರ್ ಬಾಕ್ಸಿನ ಎಣ್ಣಿ ಕುಡಿಯೋ ನೀರಿನ ಬಾಟ್ಲ್ಯಾಗ ಯಾಕಿಟ್ಟೀರಿ?" ಎಂದರು. ನ್ಯಾಯವಾದ ಪ್ರಶ್ನೆ. ಆದರೆ ಒಂದು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಅಷ್ಟರಲ್ಲಿ ಬೆಲ್ ಹೊಡೆಯಿತು, ನಾನು ತಪ್ಪಿಸಿಕೊಂಡೆ. ನಿಮಗೆ ಬೆಲ್ಲಿನ ಅವಸರವಿಲ್ಲ ಎಂದುಕೊಂಡು ಹೇಳುತ್ತಿದ್ದೇನೆ.

ಮೊದಲು ನನ್ನ ಎಡಗಾಲಿನ ಪರಿಚಯವಾಗಬೇಕು. ಮೂರು ವರ್ಷದವಳಿದ್ದಾಗ ನನಗೊಂದು ಜ್ವರ ಬಂತಂತೆ. ಬಂದ ಜ್ವರ ಹೋಗುವಾಗ ಎಡಗಾಲಿನ ಕಸುವನ್ನೂ ಗಂಟು ಕಟ್ಟಿಕೊಂಡು ಹೋಯಿತು. ಅಂದಿನಿಂದ ಈ ಕಾಲು, ಮದುವೆ ಮನೆಗೆ ಬರುವ ಕೆಲವು ನೆಂಟರ ಹಾಗೆ, ನಾನು ಹೋದಲ್ಲೆಲ್ಲ ತಪ್ಪದೆ ಬರುತ್ತದೆ, ಒಂದು ಕೆಲಸಕ್ಕೂ ಕೈ ಹಚ್ಚುವುದಿಲ್ಲ. ಚಪ್ಪಲಿ ಮಾತ್ರ ಅದಕ್ಕೂ ಬೇಕು. ಬಲಗಾಲು ಪಾಪ, ಇಬ್ಬರ ದುಡಿಮೆ ಒಂದೇ ದುಡಿಯುತ್ತದೆ. ನಾನು ನಡೆಯುವುದನ್ನು ದೂರದಿಂದ ನೋಡಿದವರಿಗೆ ಹೆಜ್ಜೆಗೊಮ್ಮೆ ಯಾರಿಗೋ ನಮಸ್ಕಾರ ಮಾಡುತ್ತ ಬರುತ್ತಿದ್ದಾಳೆ ಅನ್ನಿಸುತ್ತದಂತೆ. ಕೆಲವರು ತಿರುಗಿ ನಮಸ್ಕಾರ ಮಾಡಿದ್ದೂ ಉಂಟು.

ಹೀಗಾಗಿ ಐವತ್ತರ ಹತ್ತಿರ ಬರುವವರೆಗೂ ನಾನು ಸಾಮಾನಿನ ಹಾಗೆ ಪ್ರಯಾಣ ಮಾಡಿದವಳು. ತವರೂರು ತೆಲಿಗಿಯಲ್ಲಿ ಇದ್ದಾಗ ಅಣ್ಣನ ಸೈಕಲ್ಲಿನ ಹಿಂದೆ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ನಮ್ಮ ಮನೆಯವರ ಬೈಕಿನ ಹಿಂದೆ. ಶಾಲೆಗೆ ಹೋಗಲು ಬಸ್ಸು. ಆ ಬಸ್ಸಿನ ಮೊದಲ ಮೆಟ್ಟಿಲನ್ನು ಯಾವ ಎತ್ತರದ ಮನುಷ್ಯ ಅಳತೆ ಮಾಡಿ ಇಟ್ಟನೋ ಗೊತ್ತಿಲ್ಲ. ಯಾರಾದರೂ ರಟ್ಟೆ ಹಿಡಿದು ಎತ್ತಬೇಕು. ಎತ್ತುತ್ತಿದ್ದರು, ಪ್ರೀತಿಯಿಂದಲೇ. ನನಗೆ ಯಾರ ಮೇಲೂ ದೂರಿಲ್ಲ. ಆದರೆ ಕರೆದುಕೊಂಡು ಹೋಗುವವರಿಗೆ ಬಿಡುವಾದ ಹೊತ್ತಿಗೆ ಸರಿಯಾಗಿ ನನಗೂ ಹೋಗುವ ಮನಸ್ಸು ಬರಬೇಕಿತ್ತು. ಅದು ಹಾಗೆ ಹೇಳಿದ ಹೊತ್ತಿಗೆ ಬರುವುದಿಲ್ಲ ನೋಡಿ.

ಆರು ವರ್ಷದ ಹಿಂದೆ ನಮ್ಮ ಮನೆಯವರು, ಕೊಟ್ರೇಶಪ್ಪನವರು, ಬೀಜ ಗೊಬ್ಬರದ ಅಂಗಡಿಯ ವ್ಯವಹಾರಕ್ಕೆಂದು ದಾವಣಗೆರೆಗೆ ಹೋದವರು ಒಂದು ಹಳೆಯ ಕಾರಿನೊಂದಿಗೆ ಬಂದರು. ಯಾರೋ ಡಾಕ್ಟರು ಓಡಿಸುತ್ತಿದ್ದ ಗಾಡಿ. ಬೂದು ಬಣ್ಣ, ಮೂತಿಯ ಮೇಲೊಂದು ತರಚು ಗಾಯ. "ಇದಕ್ಕ ಕ್ಲಚ್ ಇಲ್ಲ. ಗೇರ್ ತಾನಾ ಬೀಳತೈತಿ. ಎಡಗಾಲಿಗೆ ಕೆಲಸಾನ ಇಲ್ಲ," ಎಂದರು ಅವರು, ನನ್ನ ಮುಖ ನೋಡದೆ, ಕಾರಿನ ಗಾಜು ಒರೆಸುತ್ತ. ಅವರಿಗೆ ಪ್ರೀತಿಯ ಮಾತಾಡುವಾಗ ಯಾವುದಾದರೂ ಗಾಜು ಒರೆಸಲು ಬೇಕು.

ಎಡಗಾಲಿಗೆ ಕೆಲಸವಿಲ್ಲದ ಗಾಡಿ! ನನ್ನ ಎಡಗಾಲನ್ನು ನೋಡಿಯೇ ಹೊಲಿಸಿದಂತಿತ್ತು. ಊರಿನವರು ಬಂದು ಬಗ್ಗಿ ಬಗ್ಗಿ ಮೂರನೇ ಪೆಡಲು ಹುಡುಕಿದರು. ತಮಾಷೆಯೆಂದರೆ ನಮ್ಮ ಮನೆಯವರಿಗೇ ಅದನ್ನು ಓಡಿಸಲು ಬರಲಿಲ್ಲ. ಅವರ ಎಡಗಾಲು ಕ್ಲಚ್ ತುಳಿದು ತುಳಿದು ರೂಢಿಯಾದದ್ದು. ಇಲ್ಲಿ ಕ್ಲಚ್ ಸಿಗದೆ ಬ್ರೇಕನ್ನೇ ಒದೆಯುತ್ತಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನ ಎದುರು ಹಾಗೆ ಒದ್ದು, ಹಿಂದೆ ಬರುತ್ತಿದ್ದ ಬಾಳೆಹಣ್ಣಿನ ತಳ್ಳುಗಾಡಿಯವನಿಂದ ಬೈಸಿಕೊಂಡು, "ಈ ಗಾಡ್ಯಾಗ ನನ್ನ ಕಾಲು ಹುಚ್ಚು ಹಿಡದಂಗ ಆಡತೈತಿ, ನೀನಾ ಇಟ್ಕೊ" ಎಂದು ಕೀಲಿಕೈ ನನ್ನ ಕೈಗಿಟ್ಟರು. ನಮ್ಮ ಮನೆಯಲ್ಲಿ ಸುಮ್ಮನೆ ಕೂರುವ ವಿದ್ಯೆ ನನ್ನ ಎಡಗಾಲಿಗೊಂದಕ್ಕೇ ಗೊತ್ತಿತ್ತು.

ಆಮೇಲೆ ನಾನು ತಿರುಗಿದ್ದೇ ತಿರುಗಿದ್ದು. ಶಾಲೆಗಂತೂ ಸರಿಯೇ. ಹರಪನಹಳ್ಳಿಯಲ್ಲಿ ಗೆಳತಿಯ ಮನೆಗೆ, ಹಡಗಲಿಯಲ್ಲಿ ಮಲ್ಲಿಗೆ ಕೊಳ್ಳಲು. ಒಂದು ಭಾನುವಾರ ಹಗರಿಬೊಮ್ಮನಹಳ್ಳಿಗೆ ಹೋಗಿ, ಒಂದು ಚಹಾ ಕುಡಿದು ತಿರುಗಿ ಬಂದೆ. "ಏನ್ ಕೆಲಸ ಇತ್ತು?" ಎಂದು ಅತ್ತೆ ಕೇಳಿದರು. "ಏನೂ ಇರಲಿಲ್ಲ ಅತ್ತಿ" ಎಂದೆ. ಆ ಮಾತನ್ನು ಹೇಳುವಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಕೆಲಸವಿಲ್ಲದೆ ಹೋಗಿ ಬರುವ ಭಾಗ್ಯ ನನಗೆ ಅಲ್ಲಿಯವರೆಗೆ ಇರಲಿಲ್ಲ.

ಅಂಥ ಗಾಡಿಗೆ ಈ ವರ್ಷ ಜಡ್ಡು ಬಂತು. ಬೆಳಗ್ಗೆ ಗೇರಿಗೆ ಹಾಕಿದರೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಯಾರೋ ಹಿಂದಿನಿಂದ ದೂಡಿದ ಹಾಗೆ ಜಿಗಿಯುತ್ತಿತ್ತು. ಕೂಡ್ಲಿಗಿ ರಸ್ತೆಯ ಏರಿನಲ್ಲಿ ಇಂಜಿನ್ನಿನ ಅಬ್ಬರವೇ ಅಬ್ಬರ, ಗಾಡಿ ಮಾತ್ರ ತನ್ನ ಪಾಡಿಗೆ ತಾನು. ಹಿಂದಿನಿಂದ ಬಂದ ಕುರಿ ಹಿಂಡೊಂದು ನನ್ನನ್ನು ಓವರ್‌ಟೇಕ್ ಮಾಡುವುದೊಂದು ಬಾಕಿಯಿತ್ತು.

ತೋರಿಸಿದ್ದು ಖಾಸಿಂಸಾಬರಿಗೆ. ಕೂಡ್ಲಿಗಿ ರಸ್ತೆಯ ಬದಿ ಬೇವಿನ ಮರದ ಕೆಳಗೆ ಅವರ ಗ್ಯಾರೇಜು. ಟ್ರ್ಯಾಕ್ಟರು, ಟೆಂಪೋ, ಗೂಡ್ಸ್ ಆಟೋಗಳ ವೈದ್ಯರು. ಅವರು ಬಾನೆಟ್ ಎತ್ತಿ, ಗೇರ್ ಬಾಕ್ಸಿನ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಮೂಸಿದರು. ನನಗೂ ಮೂಸಲು ಕೊಟ್ಟರು. ಸಂಜೆಯ ಕೊನೆಗೆ ಮಿರ್ಚಿ ಬಾಣಲೆಯ ತಳದಲ್ಲಿ ಉಳಿಯುವ ಎಣ್ಣೆ ಇರುತ್ತದಲ್ಲ, ಅದೇ ಬಣ್ಣ, ಅದೇ ಸುಟ್ಟ ವಾಸನೆ.

"ಇದು ಕೆಂಪಗ ಇರಬೇಕ್ರಿ ಅಕ್ಕಾರ. ಕುಂಕುಮದ ನೀರು ಇರತೈತಲ್ಲ, ಹಂಗ. ಆ ಡಾಕ್ಟ್ರು ಒಮ್ಮೆನೂ ಬದ್ಲಿ ಮಾಡ್ಸಿಲ್ಲ ಅಂತ ಕಾಣತೈತಿ," ಎಂದರು.

"ಬದಲಿ ಮಾಡಿಬಿಡ್ರಿ ಮತ್ತ."

"ಮಾಡಬಹುದು." ಖಾಸಿಂಸಾಬರು ಕಡ್ಡಿಯನ್ನು ಒರೆಸಿದರು, ಮತ್ತೆ ಒರೆಸಿದರು. "ಆದ್ರ ಸುಳ್ಳು ಯಾಕ ಹೇಳ್ಲಿ, ಈ ನಮೂನಿ ಗಾಡಿ ನಾನು ಮುಟ್ಟಿಲ್ಲ. ಮತ್ತ ಒಂದ್ ಮಾತು ಐತಿ. ಹಳೇ ಗಾಡ್ಯಾಗ ಹಳೇ ಎಣ್ಣಿ ತೆಗೆದ್ರ, ಕೆಲವೊಮ್ಮೆ ಗೇರು ಹಿಡಿಯೋದಾ ಬಿಟ್ಟುಬಿಡತಾವಂತ. ಆಮೇಲೆ ಗಾಡಿ ಹೆಜ್ಜಿ ಕಿತ್ತಿಡಂಗಿಲ್ಲ."

ಅಲ್ಲಿಗೆ ಶುರುವಾಯಿತು ನೋಡಿ. ಈ ಮಾತು ನಮ್ಮ ಮನೆಯವರ ಅಂಗಡಿಗೆ ತಲುಪಿ, ಅಲ್ಲಿ ಯೂರಿಯಾ ಕೊಳ್ಳಲು ಬಂದವರೆಲ್ಲ ನನ್ನ ಗೇರ್ ಬಾಕ್ಸಿನ ಪಂಡಿತರಾದರು. ತೆಗೆದರೆ ಕೆಟ್ಟೀತು ಎನ್ನುವವರು ಒಂದು ಕಡೆ, ತೆಗೆಯದಿದ್ದರೂ ಕೆಟ್ಟೀತು ಎನ್ನುವವರು ಇನ್ನೊಂದು ಕಡೆ. ದೊಡ್ಡ ಊರಿನ ವರ್ಕ್‌ಶಾಪ್ ಒಂದಕ್ಕೆ ಫೋನ್ ಮಾಡಿದರೆ, ಇಷ್ಟು ಹಳೆಯ ಗಾಡಿಗೆ ಗ್ಯಾರಂಟಿ ಕೊಡಲಾಗುವುದಿಲ್ಲ ಎಂದು ವಿನಯವಾಗಿ ಹೇಳಿದರು. ಗೇರ್ ಬಾಕ್ಸು ಹೋದರೆ ಇನ್ನೊಂದು ಸಿಗುವ ಮಾತಿಲ್ಲ, ಗಾಡಿ ನೇರ ಗುಜರಿಗೆ.

"ನಿಂತ್ರ ನಿಂತೀತು ಬಿಡು," ಎಂದರು ನಮ್ಮ ಮನೆಯವರು. "ನಾನಿಲ್ಲೇನು, ದಿನಾ ಬಿಟ್ಟು ಬರಾಕ?"

ಇದು ಪ್ರೀತಿಯ ಮಾತೇ. ಕೈಯಲ್ಲಿ ಕನ್ನಡಕ ಹಿಡಿದು ಒರೆಸುತ್ತಲೂ ಇದ್ದರು. ಆದರೆ ನನ್ನ ಕಣ್ಣ ಮುಂದೆ ಬಂದದ್ದೇ ಬೇರೆ. ಮತ್ತೆ ಬೈಕಿನ ಹಿಂದೆ, ಮತ್ತೆ ಆ ಬಸ್ಸಿನ ಮೆಟ್ಟಿಲು, ಮತ್ತೆ ಯಾರಿಗಾದರೂ ಬಿಡುವಾಗುವುದನ್ನು ಕಾಯುತ್ತ ಸೀರೆ ಉಟ್ಟು ಜಗುಲಿಯ ಮೇಲೆ ಕೂರುವುದು. ಆರು ವರ್ಷ ತಿರುಗಿದವಳಿಗೆ ಅದು ಆಗುತ್ತಿರಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ ಎಂದರೆ ನೀವು ನಗಬಹುದು, ನಿಜವಾಗಿಯೂ ಸೇರಲಿಲ್ಲ.

ತೀರ್ಮಾನ ಕೊಟ್ಟವರು ಅತ್ತೆ. ಎಂಬತ್ತರ ಹತ್ತಿರದ ಹೆಂಗಸು. ಗುಡೇಕೋಟೆಯಿಂದ ಮದುವೆಯಾಗಿ ಬರುವಾಗ ಒಂದು ಗಿಂಡಿಯಲ್ಲಿ ಹೆಪ್ಪು ತಂದಿದ್ದರಂತೆ. ಆ ಹೆಪ್ಪಿನ ವಂಶ ನಮ್ಮ ಮನೆಯಲ್ಲಿ ಇವತ್ತಿಗೂ ಮುರಿದಿಲ್ಲ. ಎಂಥ ನೆಂಟರು ಬಂದರೂ ಮೊಸರಿನ ಗಡಿಗೆಯ ತಳದಲ್ಲಿ ಎರಡು ಚಮಚ ಉಳಿಯಲೇಬೇಕು. ಖಾಸಿಂಸಾಬರು ಮನೆಗೆ ಬಂದು ಕೂತು, "ಕೆಳಗಿನ ಬೋಲ್ಟು ತೆಗೆದ್ರ ಎಲ್ಲಾ ಎಣ್ಣಿ ಬರಂಗಿಲ್ರಿ ಅಮ್ಮಾರ. ಅರ್ಧಕ್ಕಿಂತ ಹೆಚ್ಚು ಒಳಗಾ ಉಳೀತೈತಿ. ಅದಾ ತೊಂದ್ರಿ," ಎಂದು ವಿವರಿಸುತ್ತಿದ್ದರು.

"ಉಳೀಬೇಕು ಮತ್ತ," ಎಂದರು ಅತ್ತೆ. "ಹೆಪ್ಪು ಬ್ಯಾಡೇನು? ಎಲ್ಲಾ ಬಳದು ತೊಳದು ಹೊಸಾದು ಹಾಕಿದ್ರ ಅದಕ್ಕ ಗುರುತು ಹತ್ತೋದು ಹೆಂಗ? ಒಮ್ಮಿ ಬಂದಷ್ಟು ತಗಿ, ತಗದಷ್ಟಾ ಹೊಸಾದು ಹಾಕು. ಒಂದ್ ತಿಂಗಳು ತಿರುಗಾಡ್ಲಿ. ಮತ್ತ ಒಮ್ಮಿ ತಗಿ, ಹಾಕು."

ಖಾಸಿಂಸಾಬರು ಕಣ್ಣರಳಿಸಿದರು. ಹಿಂದಿನ ದಿನ ಅವರು ಮೊಬೈಲಿನಲ್ಲಿ ಇದೇ ಕೆಲಸದ ವಿಡಿಯೋ ನೋಡಿದ್ದರಂತೆ. ಯಾವುದೋ ದೇಶದವನು ಯಾವುದೋ ಭಾಷೆಯಲ್ಲಿ ಹೇಳುತ್ತಿದ್ದ. "ಭಾಷಿ ತಿಳೀಲಿಲ್ರಿ, ಕೈ ತಿಳೀತು. ಅವನೂ ಹಿಂಗಾ ಮಾಡಿದ್ನ್ರಿ, ಮೂರ್ ಸರ್ತಿ!" ಎಂದರು. ಗುಡೇಕೋಟೆಯ ಹೆಪ್ಪಿಗೂ ಆ ಪರದೇಶದ ಮೆಕ್ಯಾನಿಕ್ಕಿಗೂ ತಾಳೆಯಾದ ಮೇಲೆ ಇನ್ನು ಮಾತೇನಿದೆ? ಮೂರು ಸಲಕ್ಕೆ ಸಾಲುವಷ್ಟು ಎಣ್ಣೆಯ ದೊಡ್ಡ ಕ್ಯಾನು ದಾವಣಗೆರೆಯಿಂದ ಬಂತು.

ಇಲ್ಲಿ ಸ್ವಲ್ಪ ನಿಲ್ಲಿ, ನಾನು ತೆಲಿಗಿಗೆ ಹೋಗಿ ಬರಬೇಕು. ಹೋಗದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಅಪ್ಪನ ಕಣದಲ್ಲಿ ಜೋಳದ ರಾಶಿ ಆದಾಗ ಎಲ್ಲರಿಗೂ ಕೆಲಸ. ತೂರುವವರು, ಕಸ ಗುಡಿಸುವವರು, ಚೀಲ ಹಿಡಿಯುವವರು. ಅಣ್ಣ ತಮ್ಮಂದಿರು ಒಣಗಿದ ರವದಿ ಎಲೆಗಳ ಮೇಲೆ ಬಿದ್ದು ಹೊರಳುತ್ತಿದ್ದರು. ನಾನೊಬ್ಬಳು ಕಾಲು ಚಾಚಿಕೊಂಡು ಗೋಣಿತಟ್ಟಿನ ಮೇಲೆ, ಕುತ್ತಿಗೆಯೊಳಗೆಲ್ಲ ತೂರಿದ ಸುಂಕಿನ ಧೂಳು ಬಿದ್ದು ತುರಿಸಿಕೊಳ್ಳುತ್ತ. ಹಾಗಾಗಿ ಅಪ್ಪ ನನಗೆ ಎಣಿಸುವ ಕೆಲಸ ಕೊಟ್ಟಿದ್ದ. ಅವನು ಸೇರಿನಿಂದ ಅಳೆದು ಹಾಕುವುದು, ನಾನು ಕೂಗಿ ಎಣಿಸುವುದು, ಇಪ್ಪತ್ತಕ್ಕೊಂದು ಕಲ್ಲು ಇಡುವುದು. ಅಳೆಯುವಾಗ ಮೊದಲಿನ ಸೇರಿಗೆ ನಮ್ಮ ಕಡೆ ಯಾರೂ ಒಂದು ಎನ್ನುವುದಿಲ್ಲ. ಒಂಟಿ ಲೆಕ್ಕ ಒಳ್ಳೆಯದಲ್ಲ ಎಂದು 'ಲಾಭ' ಎನ್ನುತ್ತಾರೆ. ಅಪ್ಪನೂ ಲಾಭ ಎನ್ನುತ್ತಿದ್ದ. ಆದರೆ ಆ ಸೇರನ್ನು ಅವನು ಚೀಲಕ್ಕೆ ಹಾಕುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಸಣ್ಣ ಪುಟ್ಟಿಗೆ ಸುರಿಯುತ್ತಿದ್ದ. ಆಮೇಲೆ ಚೀಲದ ಕಡೆ ತಿರುಗಿ, "ಹ್ಞೂಂ, ಈಗ ಎಣಸು. ಒಂದು..." ಎನ್ನುತ್ತಿದ್ದ.

"ಲಾಭ ಲೆಕ್ಕಕ್ಕಿಲ್ಲೇನಪ್ಪಾ?" ಎಂದು ಒಮ್ಮೆ ಯಾರೋ ಕೇಳಿದ್ದರು.

"ಅದು ಎಣಿಸೋಳ ಪಾಲು," ಎಂದಿದ್ದ ಅಪ್ಪ.

ಆ ಪುಟ್ಟಿಯ ಜೋಳ ಹರಪನಹಳ್ಳಿ ಸಂತೆಗೆ ಹೋಗಿ ಬಳೆಯಾಗುತ್ತಿತ್ತು, ಬತ್ತಾಸಾಗುತ್ತಿತ್ತು. ಓಡಾಡಲಾರದ ನನಗೆ ಕಣದಲ್ಲಿ ಸಿಕ್ಕ ಮೊದಲ ಸಂಬಳ ಅದು. ನಾನು ಮುಂದೆ ಗಣಿತದ ಟೀಚರ್ ಆದದ್ದು ಅಲ್ಲಿಂದಲೇ ಇರಬೇಕು. ಎಣಿಕೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ, "ಎಣಿಸುವಾಗ ಅವಸರ ಮಾಡಬ್ಯಾಡ್ರಿ" ಎಂದು ಹೇಳುತ್ತ ಬಂದವಳು. ಈ ಮಾತು ನೆನಪಿರಲಿ.

ಎಣ್ಣೆ ಬದಲಿಸುವ ದಿನ ಭಾನುವಾರ. ಗ್ಯಾರೇಜಿಗೆ ನನ್ನ ಜೊತೆ ಅತ್ತೆಯೂ ಬಂದರು, ಗಾಡಿಯ ಮುಂದೆ ಕಾಯಿ ಒಡೆಯಲು. ಕಾಯಿ ಒಡೆದು ನೀರು ಬಂಪರಿನ ಮೇಲೆ ಚಿಮುಕಿಸಿ, ಬೇವಿನ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು, ಖಾಸಿಂಸಾಬರ ಮನೆಯಿಂದ ಬಂದ ಚಹಾದ ಲೋಟ ಹಿಡಿದು ಕುಳಿತರು. ಪಕ್ಕದಲ್ಲಿ ಒಂದು ಟ್ರ್ಯಾಕ್ಟರನ್ನು ಅದರ ಮಾಲೀಕನೇ ರೊಂಯ್ ರೊಂಯ್ ಎಂದು ಪರೀಕ್ಷೆ ಮಾಡುತ್ತಿದ್ದ. ಖಾಸಿಂಸಾಬರು ಗಾಡಿಯ ಕೆಳಗೆ ನುಗ್ಗಿ, ಬೋಲ್ಟು ಬಿಚ್ಚಿ, ಕಬ್ಬಿಣದ ಬುಟ್ಟಿ ಒಡ್ಡಿದರು. ಕರ್‍ರಗಿನ ಎಣ್ಣೆ ಸುರಿಯಿತು. ಅದನ್ನು ಅಳೆಯಲು ಅವರು ತೆಗೆದದ್ದು ಅವರ ತಂದೆ ಸೀಮೆಎಣ್ಣೆ ಮಾರುತ್ತಿದ್ದ ಕಾಲದ ತಗಡಿನ ಲೀಟರು. ಬುಟ್ಟಿಯಿಂದ ಲೀಟರಿಗೆ, ಲೀಟರಿನಿಂದ ಹಳೆಯ ಡಬ್ಬಕ್ಕೆ ಸುರಿಯುತ್ತ, "ಲಾಭ" ಎಂದರು.

ನನಗೆ ಎಷ್ಟು ಖುಷಿಯಾಯಿತು ಎನ್ನುತ್ತೀರಿ! ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ. ಕಣ, ಸುಂಕು, ಬತ್ತಾಸು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಟ್ರ್ಯಾಕ್ಟರು ಮತ್ತೆ ಅಬ್ಬರಿಸಿ ನಡುವಿನ ಎಣಿಕೆಯೆಲ್ಲ ಮುಳುಗಿಹೋಯಿತು. ಅದು ಸುಮ್ಮನಾದಾಗ ಕೇಳಿಸಿದ್ದು, "ನಾಕು. ನಾಕು ಬಂತ್ರಿ ಅಕ್ಕಾರ."

"ನಾಕಾ ಹಾಕಬೇಕಲ್ಲ?"

"ನಾಕಾ. ಹೆಚ್ಚೂ ಬ್ಯಾಡ, ಕಮ್ಮಿನೂ ಬ್ಯಾಡ."

ಅವರು ಬೋಲ್ಟು ಬಿಗಿದು ಏಳುವಷ್ಟರಲ್ಲಿ ಟ್ರ್ಯಾಕ್ಟರಿನವನು ಕರೆದ. "ನೀವು ಹೋಗ್ರಿ, ಅಳದು ಹಾಕೋ ಕೆಲಸ ನಂದು," ಎಂದೆ ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿ.

"ನೀವು ಲೆಕ್ಕದ ಟೀಚರ್ರು, ನಿಮಗೇನು ಹೇಳೋದೈತ್ರಿ," ಎಂದು ಅವರು ನಗುತ್ತ ಹೋದರು.

ಬಾನೆಟ್ಟಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಕಡ್ಡಿ ಇರುವ ಕೊಳವೆಗೆ ಉದ್ದ ಮೂತಿಯ ಲಾಳಿಕೆ ಇಟ್ಟು ನಾನು ಸುರಿಯತೊಡಗಿದೆ. ಎಂಥ ಕೆಂಪು! ಓಕುಳಿಯ ಹಾಗೆ ತಿಳಿಯಾದ ಕೆಂಪು. ಅಪ್ಪನ ದನಿಯಲ್ಲೇ "ಲಾಭ" ಎಂದು ಮೊದಲ ಲೀಟರು ಹಾಕಿದೆ. ಆಮೇಲೆ ಒಂದು. ಎರಡು. ಮೂರು. ನಾಲ್ಕು. ಹನಿ ಚೆಲ್ಲಲಿಲ್ಲ. ಅವಸರ ಮಾಡಲಿಲ್ಲ.

ಖಾಸಿಂಸಾಬರು ಬಂದು ಇಂಜಿನ್ ಚಾಲೂ ಮಾಡಿಸಿ, ಗೇರನ್ನು ಅತ್ತಿತ್ತ ಆಡಿಸಿ, "ಕಡ್ಡಿ ಈಗ ನೋಡಿದ್ರ ಸುಳ್ಳು ಹೇಳತೈತಿ. ಎಣ್ಣಿ ಬಿಸಿ ಆದ ಮ್ಯಾಲೆ ನೋಡಬೇಕು. ರೈಲ್ವೆ ಗೇಟಿನ ಮಟ ಹೋಗಿ ಬರ್ರಿ," ಎಂದರು.

ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಅವರಿಗೆ ನನ್ನ ಡ್ರೈವಿಂಗಿನ ಮೇಲೆ ಪೂರ್ತಿ ನಂಬಿಕೆ, ಆದರೂ ಎದುರಿಗೆ ಲಾರಿ ಬಂದಾಗಲೆಲ್ಲ ತಮ್ಮ ಕಡೆಯ ನೆಲವನ್ನು ಎರಡೂ ಕಾಲಿನಿಂದ ತುಳಿಯುತ್ತಾರೆ. ಮೊದಲು ಗಾಡಿ ಬೆಣ್ಣೆಯಲ್ಲಿ ಜಾರಿದಂತೆ ಹೋಯಿತು. ಜಿಗಿತವಿಲ್ಲ, ಯೋಚನೆಯಿಲ್ಲ. ನನಗೆ ಹಾಡು ಬರುವುದಿಲ್ಲ, ಆದರೂ ಏನೋ ಗುನುಗಿದೆ. ಗೇಟು ತೆರೆದಿತ್ತು. ತೆರೆದ ಗೇಟಿನ ಎದುರು ಯಾರಾದರೂ ಗಾಡಿ ತಿರುಗಿಸುತ್ತಾರೆಯೇ? ದಾಟಿಬಿಟ್ಟೆ. ಮೆಕ್ಕೆಜೋಳ ಮುರಿದ ಹೊಲಗಳು, ಶೇಂಗಾ ಹೊಟ್ಟಿನ ಬಣವೆಗಳು ಹಿಂದೆ ಸರಿದವು. "ಎಲ್ಲಿಗೆ ಹೊಂಟಿ?" ಎಂದರು ಅತ್ತೆ. "ಸುಮ್ಮನ" ಎಂದೆ.

ಮುಂದೆ ಒಂದು ಸಣ್ಣ ದಿಬ್ಬ. ಅದರ ನಡುವೆ ಬರುವಾಗ ಒಳಗಿನಿಂದ ಕೊಂಯ್ ಎಂಬ ದನಿ ಎದ್ದಿತು. ಆಮೇಲೆ ಇಂಜಿನ್ ಅಬ್ಬರಿಸಿತು, ಗಾಡಿ ನಿಂತಿತು. ಆಕ್ಸಿಲರೇಟರ್ ತುಳಿದರೆ ಬರೀ ಸದ್ದು. ಇನ್ನೊಮ್ಮೆ ತುಳಿದೆ. ಇನ್ನೂ ದೊಡ್ಡ ಸದ್ದು. ಬಾನೆಟ್ಟಿನ ಸಂದಿಯಿಂದ ಸಣ್ಣಗೆ ಹೊಗೆ ಬಂತು. ಅತ್ತೆ ನೆಲವನ್ನು ತುಳಿದೇ ಕೂತಿದ್ದರು, ಗಾಡಿ ನಿಂತ ಮೇಲೂ.

ನಾನು ಇಂಜಿನ್ ಆರಿಸಿದೆ. ಖಾಸಿಂಸಾಬರಿಗೆ ಫೋನ್ ಮಾಡಿದೆ. "ಬಂದ್ನ್ರಿ, ನೀವು ಏನೂ ಮುಟ್ಟಬ್ಯಾಡ್ರಿ," ಎಂದರು. ಅವರ ದನಿಯೂ ಇಳಿದಿತ್ತು. ಗೊಬ್ಬರದ ಅಂಗಡಿಯ ಪಂಡಿತರು ಹೇಳಿದ್ದು ನಿಜವಾಯಿತು ಎಂದು ನನಗೆ ಖಾತ್ರಿಯಾಯಿತು. ಗೇರು ಹಿಡಿಯುವುದನ್ನೇ ಬಿಟ್ಟಿತ್ತು. ಮುಗಿಯಿತು. ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಅತ್ತುಬಿಟ್ಟೆ. ಐವತ್ತು ದಾಟಿದ ಟೀಚರು, ನಡು ಮಧ್ಯಾಹ್ನ, ಅತ್ತೆಯ ಎದುರು, ಮೂಗು ಸುರಿಸಿಕೊಂಡು.

ಅತ್ತೆ ಸಮಾಧಾನ ಮಾಡುವ ಪೈಕಿ ಅಲ್ಲ. ಸ್ವಲ್ಪ ಹೊತ್ತು ಅಳಲು ಬಿಟ್ಟರು. ಆಮೇಲೆ, "ಎಷ್ಟು ಹಾಕಿದಿ?" ಎಂದರು.

"ನಾಕು. ಖಾಸಿಂಸಾಬ್ರು ನಾಕು ತಗದ್ರು, ನಾನೂ ನಾಕು ಹಾಕೀನಿ."

"ಲಾಭ ಹಿಡದು ನಾಕೋ, ಬಿಟ್ಟು ನಾಕೋ?"

ನಾನು ತಲೆ ಎತ್ತಿದೆ. "ಲಾಭ ಯಾರ್ರಿ ಹಿಡೀತಾರ ಲೆಕ್ಕಕ್ಕ?"

"ಹಿಡೀದ ಬಿಡೋರು ಯಾರು? ಲಾಭ, ಎರಡು, ಮೂರು, ನಾಕು. ಜಗತ್ತು ಎಣಸೋದು ಹಿಂಗ. ನಿಮ್ಮೂರೊಂದು ಬಿಟ್ಟು." ಅತ್ತೆ ಸೀಟಿನಲ್ಲಿ ನನ್ನ ಕಡೆ ಪೂರ್ತಿ ತಿರುಗಿದರು. "ನನಗ ಗಾಡಿ ನಿಂತಾಗಲಾ ಅನುಮಾನ ಬಂತು. ನೀನು ಹೊಸಾದಾಗಿ ಬಂದಾಗ ನಾಕು ಪಾವು ಅಕ್ಕಿ ಇಡು ಅಂದ್ರ ಐದು ಇಡ್ತಿದ್ದಿ. ಒಂದು ತಿಂಗಳು ದಿನಾ ಮುಂಜಾನಿ ಉಳದ ಅನ್ನದ ಚಿತ್ರಾನ್ನ ಮಾಡಿ ಮಾಡಿ ನಿಮ್ಮ ಮಾವ ಹೊಟ್ಟಿ ಹಿಡಕೊಂಡ್ರು. ಅವತ್ತಾ ಅಕ್ಕಿ ಅಳಿಯೋದು ನಿನ್ನ ಕೈಯಿಂದ ತಗದೆ."

ಅದು ನನಗೆ ನೆನಪಿತ್ತು. ನನ್ನ ಕಾಲಿನ ಮೇಲಿನ ಕನಿಕರಕ್ಕೆ ಅಡುಗೆ ಮನೆಯಿಂದ ಬಿಡುವು ಕೊಟ್ಟರು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಎಷ್ಟೋ ಜನರ ಹತ್ತಿರ ಅತ್ತೆಯ ಒಳ್ಳೆಯತನದ ಉದಾಹರಣೆಯಾಗಿ ಹೇಳಿದ್ದೂ ಇದೆ.

"ಮತ್ತ ಯಾಕ ಹೇಳಲಿಲ್ರಿ ನೀವು?"

"ಕಲತ ಹುಡುಗಿ. ಲೆಕ್ಕದಾಗ ಫಸ್ಟ್ ಕ್ಲಾಸ್ ಅಂತ ನಿಮ್ಮಪ್ಪ ಹೇಳಿದ್ದ. ಎಣಸಾಕ ಬರಂಗಿಲ್ಲ ಅಂತ ಹೆಂಗ ಹೇಳ್ಲಿ? ನೀನಾದ್ರೂ ಯಾಕ ಲಾಭ ಬಿಟ್ಟು ಎಣಸ್ತಿ?"

ಆಗ ಹೇಳಿದೆ. ಕಣ, ಗೋಣಿತಟ್ಟು, ಪುಟ್ಟಿ, ಅಪ್ಪ ಹೇಳಿದ ಮಾತು. ಮೊದಲ ಸೇರು ನನ್ನದಾಗಿದ್ದರಿಂದ ಅದು ಲೆಕ್ಕಕ್ಕೆ ಬರುವ ಕಾಳೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು: ಅದು ಊರಿನ ಪದ್ಧತಿಯೇ ಇರಲಿಲ್ಲ. ಅಪ್ಪ ನನಗೊಬ್ಬಳಿಗಾಗಿ ಕಟ್ಟಿಕೊಂಡ ಪದ್ಧತಿ. ಪಕ್ಕದ ಕಣಗಳಲ್ಲಿ ಯಾರೂ ಹಾಗೆ ಎಣಿಸುತ್ತಿರಲಿಕ್ಕಿಲ್ಲ, ಆದರೆ ನಾನು ಪಕ್ಕದ ಕಣಕ್ಕೆ ನಡೆದು ಹೋಗಿ ಕೇಳಿದವಳೇ ಅಲ್ಲ. ಅಪ್ಪ ಹೋಗಿ ಹತ್ತು ವರ್ಷವಾಯಿತು. ಒಂದು ದಿಬ್ಬದ ನಡುವೆ, ಕೆಟ್ಟ ಗಾಡಿಯೊಳಗೆ ಕೂತು, ನನಗೆ ಆ ಗುಟ್ಟು ಗೊತ್ತಾಗಬೇಕಿತ್ತು. ಅತ್ತೆ ಸೆರಗಿನ ತುದಿ ತೆಗೆದು ನನ್ನ ಕೈಗೆ ಕೊಟ್ಟರು, ಮೂಗು ಒರೆಸಿಕೊಳ್ಳಲು.

ಖಾಸಿಂಸಾಬರು ಬೈಕಿನಲ್ಲಿ ಬಂದವರು ಮುಖ ಸಣ್ಣದು ಮಾಡಿಕೊಂಡಿದ್ದರು. ಇಳಿಯುವ ಮೊದಲೇ ಅತ್ತೆ ಕಿಟಕಿಯಿಂದ ಕೂಗಿದರು. "ಏ ಖಾಸಿಂ, ನೀನು ಲಾಭ ಹಿಡದು ಎಣಸ್ದೇನಪಾ?"

"ಹೌದ್ರಿ ಅಮ್ಮಾರ. ಲಾಭ, ಎರಡು, ಮೂರು, ನಾಕು. ಯಾಕ್ರಿ?"

"ಈಕಿ ಬಿಟ್ಟು ಎಣಸ್ಯಾಳ."

ಖಾಸಿಂಸಾಬರು ನನ್ನ ಮುಖ ನೋಡಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಅವರ ಮುಖದಲ್ಲಿ ಹಬ್ಬದ ಚಂದ್ರ ಕಂಡಷ್ಟು ಬೆಳಕು. "ಯಾ ಅಲ್ಲಾ! ಹಂಗಾದ್ರ ಐದು ಬಿದ್ದಾವು! ಹೆಚ್ಚಾಗಿ ಒಳಗ ನೊರಿ ಎದ್ದೈತ್ರಿ ಅಷ್ಟ. ಗೇರು ಸತ್ತಿಲ್ಲ!"

ಇಂಜಿನ್ ಚಾಲೂ ಮಾಡಿಸಿ ಕಡ್ಡಿ ಎಳೆದರೆ ನಿಜ, ಗುರುತಿನ ಗೆರೆಯಿಂದ ಗೇಣು ಮೇಲಿನವರೆಗೆ ಕಪ್ಪುಗೆಂಪು ನೊರೆ. ಅವರು ಇಂಜಿನ್ ಆರಿಸಿ, ಕೊಳವೆಯೊಳಗೆ ಸಣ್ಣ ಪೈಪು ಇಳಿಸಿ, ದೊಡ್ಡ ಸಿರಿಂಜಿನಿಂದ ಎಳೆದೆಳೆದು ಒಂದು ಲೀಟರು ಹೊರಗೆ ತೆಗೆದರು. ಹಾಕಿಡಲು ಬೇರೆ ಏನೂ ಇರಲಿಲ್ಲ. ಅತ್ತೆ ತಮ್ಮ ನೀರಿನ ಬಾಟಲಿಯನ್ನು ಕುಡಿದು ಖಾಲಿ ಮಾಡಿ ಕೊಟ್ಟರು. ನೊರೆ ಇಳಿಯಲಿ ಎಂದು ಜಾಲಿ ಮರದ ನೆರಳಲ್ಲಿ ಮೂವರೂ ಕೂತೆವು, ಬೆಳಗ್ಗೆ ಒಡೆದ ಕಾಯಿಯ ಚೂರು ತಿನ್ನುತ್ತ. ಖಾಸಿಂಸಾಬರು ಆಗಾಗ, "ಲೆಕ್ಕದ ಟೀಚರ್ರು" ಎಂದು ತಮಗೆ ತಾವೇ ಹೇಳಿಕೊಂಡು ಹೆಗಲು ಕುಣಿಸುತ್ತಿದ್ದರು.

ಬಿಸಿಲು ವಾಲಿದ ಮೇಲೆ ಗಾಡಿ ಹತ್ತಿದೆ. ಕೀಲಿ ತಿರುಗಿಸಿದೆ. ಗೇರಿಗೆ ಹಾಕಿದೆ. ಬ್ರೇಕಿನಿಂದ ಬಲಗಾಲು ಮೆಲ್ಲಗೆ ಎತ್ತಿದೆ. ಗಾಡಿ ಏನೂ ಆಗಿಲ್ಲದ ಹಾಗೆ ದಿಬ್ಬ ಹತ್ತಿತು. ಪಕ್ಕದಲ್ಲಿ ಅತ್ತೆಯ ಎರಡೂ ಕಾಲುಗಳು ನೆಲವನ್ನು ತುಳಿದೇ ಇದ್ದವು. ನನ್ನ ಎಡಗಾಲು ಸುಮ್ಮನೆ ಕೂತಿತ್ತು.

ಗ್ಯಾರೇಜಿನಲ್ಲಿ ಕಡ್ಡಿ ನೋಡಿ, ಸರಿಯಾಗಿ ಗೆರೆಗೆ ನಿಂತಿದ್ದನ್ನು ತೋರಿಸಿದ ಮೇಲೆ ಖಾಸಿಂಸಾಬರು ಆ ಬಾಟಲಿಯನ್ನು ಹಳೆಯ ಎಣ್ಣೆಯ ಡಬ್ಬಕ್ಕೆ ಸುರಿಯಲು ಹೋದರು. "ಬ್ಯಾಡ, ಇರ್ಲಿ. ಅದು ಎಣಿಸಿದಾಕಿ ಪಾಲು," ಎಂದು ಅತ್ತೆ ಅದನ್ನು ತಾವೇ ಒಯ್ದು ಡಿಕ್ಕಿಯ ಮೂಲೆಯಲ್ಲಿಟ್ಟರು. ವಿಜ್ಞಾನದ ಮೇಷ್ಟ್ರು ಕುಡಿಯಲು ಹೊರಟದ್ದು ಅದನ್ನೇ.

ಮನೆಯಲ್ಲಿ ನಮ್ಮ ಮನೆಯವರು ಜಗುಲಿಯ ಮೇಲೆ ಕನ್ನಡಕ ಒರೆಸುತ್ತ ಕಾಯುತ್ತಿದ್ದರು. "ಏನಾತು?" ಎಂದರು. "ನಾಳೆ ಶಾಲೆಗೆ ನಾನಾ ಹೋಗ್ತೀನಿ" ಎಂದೆ. ಕನ್ನಡಕ ಹಾಕಿಕೊಂಡು ಒಳಗೆ ಹೋದರು.

ಸಂಜೆ ಅಡುಗೆ ಮನೆಯಲ್ಲಿ ಅಕ್ಕಿಯ ಡಬ್ಬಿ ತೆಗೆದ ಸದ್ದಾಯಿತು. ನಾನು ಬಾಗಿಲಲ್ಲಿ ನಿಂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಅತ್ತೆ ಪಾವಿನ ತುಂಬ ಅಕ್ಕಿ ತುಂಬಿ, "ಲಾಭ" ಎಂದು ಪಾತ್ರೆಗೆ ಸುರಿದರು. ಎರಡನೆಯದನ್ನು ತುಂಬಿ ಕೈ ಎತ್ತಿದವರು ಅಲ್ಲೇ ನಿಂತರು. ನನ್ನ ಕಡೆ ತಿರುಗಿ ನೋಡಿ, ಗಟ್ಟಿಯಾಗಿ, "ಒಂದು" ಎಂದರು.

ಮರುದಿನ ಬೆಳಗ್ಗೆ ನಮ್ಮ ಮನೆಯಲ್ಲಿ ಚಿತ್ರಾನ್ನ.